ನಾನು ಹೇಳದೆ ಬಿಟ್ಟ ಅಪೀಲು

ಇದನ್ನು ಹೇಳುವುದನ್ನು ಬಹಳ ವರ್ಷ ಮುಂದೂಡಿದೆ. ಮಗಳ ಮದುವೆಯಾಗಲಿ ಅಂದೆ, ಪಿಂಚಣಿ ಬರಲಿ ಅಂದೆ. ಎರಡೂ ಆಗಿಹೋದವು.

ಎಂಬತ್ತರ ದಶಕದ ಕೊನೆಗೆ ನಾನು ನಮ್ಮ ಸೀಮೆಯ ಒಂದು ಕೋರ್ಟಿನಲ್ಲಿ ಜವಾನನಾಗಿದ್ದೆ. ಮಸ್ಕಿಯಿಂದ ಬಸ್ಸಿಗೆ ಹೋಗಿಬರುತ್ತಿದ್ದೆ. ಹುಡುಗತನವನ್ನು ಸಿಂಧನೂರಿನ ಕಡೆ ಆಂಧ್ರದಿಂದ ವಲಸೆ ಬಂದ ರೈತರ ತೆಲುಗು ಕ್ಯಾಂಪಿನಲ್ಲಿ ಕಳೆದವನಾದ್ದರಿಂದ ತೆಲುಗು ಬರುತ್ತಿತ್ತು. ಕನ್ನಡ ತಿಳಿಯದ ಆರೋಪಿ ಬಂದರೆ ನನ್ನನ್ನೇ ಕರೆಯುತ್ತಿದ್ದರು.

ವರಾಂಡದಲ್ಲಿ ಕೂರುತ್ತಿದ್ದ ವಯಸ್ಸಾದ ವಕೀಲರೊಬ್ಬರು ಚಹಾ ಕುಡಿಯುತ್ತ ಹಳೆಯದನ್ನು ತೆಗೆಯುವರು: "ನಿಜಾಮನ ಕಾಲದಾಗ ಹೊಳಿ ಆಚಿ ದಂಡಿ ಬ್ರಿಟಿಷರದು. ಈ ಕಡಿ ಮನಷ್ಯಾನ್ನ ಆ ಕಡಿ ಒಪ್ಪಸಬೇಕಂದ್ರ ಎರಡೂ ಸರ್ಕಾರದ ಕಾಗದ ಆಗಬೇಕಿತ್ತು. ಕಾಗದ ಇಂಗ್ಲಿಷಿನಾಗ, ಕಚೇರಿ ಉರ್ದುವಿನಾಗ, ಆರೋಪಿ ಕನ್ನಡದಾಂವ. ಅರ್ಜಿ ಹಾಕಾಕ ಬರತೈತಿ ಅಂತ ಅವಗ ಹೇಳಾವ್ರು ಯಾರು? ದುಭಾಷಿ ಬಾಯಿ ಮುಚ್ಚಿದ್ರ ಅಪೀಲೂ ಮುಚ್ಚಿದಂಗ ನೋಡಪಾ." ನಾನು ನಗುತ್ತಿದ್ದೆ.

ಒಂದು ಶನಿವಾರ ಆಂಧ್ರದ ಪೊಲೀಸರು ದಢೇಸುಗೂರಿನಿಂದ ಒಬ್ಬ ಕೂಲಿಯವನನ್ನು ಹಿಡಿದು ತಂದರು. ಅವರ ಕಡೆ ಯಾರದೋ ಪಂಪ್‌ಸೆಟ್ ಕಳುವಾಗಿತ್ತಂತೆ. ರಾಜ್ಯ ದಾಟಿಸುವ ಮೊದಲು ಇಲ್ಲಿಯ ಮ್ಯಾಜಿಸ್ಟ್ರೇಟ್ ಸಾಹೇಬರ ಮುಂದೆ ನಿಲ್ಲಿಸಬೇಕು. ಅದು ಬ್ರಿಟಿಷರ ಕಾಲದಿಂದ ಬಂದ ಪದ್ಧತಿ. ಆತನಿಗೆ ಸಂತೆಗೆ ಸಾಲುವಷ್ಟೇ ಕನ್ನಡ. ತೆಲುಗಿನಲ್ಲಿ ಉದ್ದಕ್ಕೂ ಹೇಳಿಕೊಂಡ: ಕಳುವಾದ ವಾರ ತಾನು ಇಲ್ಲೇ ಭತ್ತದ ನಾಟಿಯಲ್ಲಿದ್ದೆ, ಗದ್ದೆಯ ಮಾಲೀಕನನ್ನು ಕೇಳಿರಿ.

ಹಿಂದಿನ ದಿನವಷ್ಟೇ ಶಿರಸ್ತೇದಾರರು ಎಲ್ಲರೆದುರು ನನ್ನನ್ನು ಚುಚ್ಚಿದ್ದರು: "ಏನಲೇ, ನೀ ತರ್ಜುಮಿ ಮಾಡ್ತೀಯೋ, ಪುರಾಣ ಹಚ್ತೀಯೋ?" ಅದು ಇನ್ನೂ ತಲೆಯಲ್ಲಿತ್ತು.

"ತಕರಾರಿಲ್ಲಂತ್ರೀ," ಎಂದುಬಿಟ್ಟೆ.

ಸಾಹೇಬರು ಸಹಿ ಹಾಕಿದರು. "ಇದರ ಮೇಲೆ ಮೇಲಿನ ಕೋರ್ಟಿಗೆ ಹೋಗಬಹುದು ಅಂತ ಆತನಿಗೆ ತಿಳಿಸು," ಎಂದರು. ನಾನು ತಿರುಗಿ ತೆಲುಗಿನಲ್ಲಿ ಹೇಳಿದ್ದು ಒಂದೇ ಮಾತು: ನಡೆ. ಆತ ನನಗೂ ಕೈ ಮುಗಿದು ಹೋದ.

ಸೋಮವಾರ ಆತನ ಹೆಂಡತಿ ಬಂದಳು. ನಮ್ಮ ಸೀಮೆಯವಳೇ, ಗಂಡನಿಂದ ತೆಲುಗು ಕಲಿತವಳು. ಕಾಲಿನ ಮೇಲೆ ಗದ್ದೆಯ ಕೆಸರು ಒಣಗಿತ್ತು.

"ಯಣ್ಣಾ, ಇದರ ಮ್ಯಾಲ ಇನ್ನೊಂದು ಕೋರ್ಟ್ ಇರತೈತಂತಲ್ಲ, ಅಲ್ಲಿ ಹೋಗಾಕ ಬರತೈತೇನು?"

ವಕೀಲರು ಅಲ್ಲೇ ಬೆಂಚಿನ ಮೇಲಿದ್ದರು. ಅವರ ಹತ್ತಿರ ಕರೆದೊಯ್ದರೆ ನಾನು ಮಾಡಿದ್ದು ಬಯಲಾಗುತ್ತಿತ್ತು.

"ಇಲ್ಲವ್ವ, ಎಲ್ಲಾ ಮುಗದೈತಿ. ಮನಿಗೆ ಹೋಗು."

"ನೀ ಅಂದ್ರ ಆತು ಬಿಡಣ್ಣ. ಕೋರ್ಟಿನಾಗ ನನ್ನ ಗಂಡನ ಮಾತು ತಿಳಿಯಾಂವ, ನಮ್ಮಾಂವ ಅಂತ ಇರಾಂವ ನೀ ಒಬ್ಬನ."

ಎರಡು ಸುಗ್ಗಿ ಕಳೆದ ಮೇಲೆ ಆತ ಮರಳಿದ. ಕಳ್ಳ ಬೇರೆಯವನೆಂದು ಕೇಸು ಬಿದ್ದುಹೋಗಿತ್ತು. ಆದರೆ ಠಾಣೆಯಲ್ಲಿ ತಿಂದ ಹೊಡೆತಕ್ಕೆ ಆತನ ಬಲಗೈ ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ. ಗದ್ದೆಗೆ ಆಕೆಯೊಬ್ಬಳೇ ಹೋಗತೊಡಗಿದಳು.

ತೊಂಬತ್ತರ ದಶಕದಲ್ಲಿ ಒಮ್ಮೆ ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಆತ ಸಿಕ್ಕ. ಕೈ ಹಿಡಿದು ಎಲ್ಲ ಹೇಳಿ, ತಪ್ಪಾಯಿತು ಅಂದೆ. ಅಷ್ಟರಲ್ಲಿ ಆತನ ಬಸ್ಸು ಬಂತು. ಹತ್ತುವಾಗ ಅರೆಗನ್ನಡದಲ್ಲಿ ಅಂದ: "ಆಕಿಗೆ ಹೇಳಬ್ಯಾಡ. ಆಕಿ ನಿನ್ನ ಅಣ್ಣ ಅಂತಾಳ."

ಆ ಮಾತಿನ ಮರೆಯಲ್ಲಿ ಇಷ್ಟು ವರ್ಷ ಅಡಗಿ ಕೂತೆ. ಆತ ಈಗಿಲ್ಲ. ನಾನು ಕ್ಷಮೆ ಕೇಳದೆ ಉಳಿದಿರುವುದು ನನ್ನೊಂದು ಮಾತು ನಂಬಿ ತಿರುಗಿ ಮನೆಗೆ ನಡೆದ ಆತನ ಹೆಂಡತಿಯನ್ನು.