ಸದ್ದಿಲ್ಲದ ಜೀಪು

ಮೊನ್ನೆ ಮನೆಯೆದುರಿನ ಗ್ಯಾರೇಜಿನಲ್ಲಿ ತುಕ್ಕು ಹಿಡಿದ ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ನೆನೆಯಿಟ್ಟಿದ್ದರು. ಆ ವಾಸನೆಗೆ ಸಿಂದಗಿಯ ನಮ್ಮ ನೆರೆಮನೆಯ ಕಾಕಾ ನೆನಪಾದರು. ಅವರ ವಿಷಯದಲ್ಲಿ ನಾನು ಕಂಡದ್ದೆಷ್ಟು, ಓಣಿಯವರ ಬಾಯಿಂದ ಕೇಳಿ ಕಂಡೆನೆಂದುಕೊಂಡದ್ದೆಷ್ಟು ಎಂದು ಈಗ ಬಿಡಿಸಿ ಹೇಳಲಾರೆ...

ಕಾಕಾ ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದವರು. ಯುದ್ಧಕಾಲದ ಹಳೆಯ ಜೀಪೊಂದನ್ನು ಹರಾಜಿನಲ್ಲಿ ಕೊಂಡು ಆಲಮೇಲ, ಇಂಡಿ ಕಡೆಗೆ ಬಾಡಿಗೆಗೆ ಓಡಿಸುತ್ತಿದ್ದರು. ಬ್ಯಾಟರಿಗೆ ಜೀವವಿರಲಿಲ್ಲ. ಹಾಗಾಗಿ ಬೆಳಗ್ಗೆ ಓಣಿಯ ಇಳಿಜಾರಿನಲ್ಲಿ ಜೀಪನ್ನು ಸುಮ್ಮನೆ ಉರುಳಬಿಟ್ಟು, ದೊಡ್ಡ ರಸ್ತೆಯ ಹತ್ತಿರ ಗೇರು ಹಾಕಿ ಎಂಜಿನ್ ಚಾಲೂ ಮಾಡುವುದು ಅವರ ರೂಢಿ. ಉರುಳುವಾಗ ಅದು ಎಣ್ಣೆ ಕಾಣದ ಚಕ್ಕಡಿಯ ಹಾಗೆ ಕಿರುಗುಟ್ಟುತ್ತಿತ್ತು. ಯಾರ ಚಕ್ಕಡಿ ಬಂತೆಂದು ಸದ್ದಿನಿಂದಲೇ ಹೇಳುವ ಓಣಿ ನಮ್ಮದು. ಕಾಕಾ ಹೊರಟದ್ದು ಹಾಸಿಗೆಯಲ್ಲಿದ್ದವರಿಗೂ ತಿಳಿಯುತ್ತಿತ್ತು.

ಆ ಬೇಸಿಗೆಯಲ್ಲಿ ನಾನು ಧಾರವಾಡದ ಕಾಲೇಜಿನಿಂದ ರಜೆಗೆ ಬಂದಿದ್ದೆ. ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಗಂಡನನ್ನು ಕಳೆದುಕೊಂಡು ನಮ್ಮಲ್ಲೇ ಇದ್ದ ಚಿಕ್ಕಮ್ಮ, ನನ್ನ ಬಾಯಲ್ಲಿ ಚಿಗವ್ವ, ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು. ಅವಳಿಗೆ ವಿಜಾಪುರದಲ್ಲಿ ಶಿಕ್ಷಕಿಯ ತರಬೇತಿಗೆ ಜಾಗ ಸಿಕ್ಕಿತ್ತು. ಹೊಸ್ತಿಲು ದಾಟಕೂಡದು ಎಂದು ಅಪ್ಪ ಹೇಳಿಬಿಟ್ಟಿದ್ದರು. ಸೇರುವ ದಿನ ಹತ್ತಿರವಾಗುತ್ತಿತ್ತು.

ಅದೇ ವಾರ ಕಾಕಾ ಅಂಗಳದಲ್ಲಿ ಗೋಣಿತಟ್ಟಿನ ಪರದೆ ಕಟ್ಟಿ, ಜೀಪಿನ ಅಡಿಗೆ ಕಲ್ಲು ಕೊಟ್ಟು, ಗಾಲಿ ಬಿಚ್ಚಿದರು. ಅಪ್ಪ ಗೋಡೆಯಾಚೆ ಇಣುಕಿದರು. ಹಿಂದೆ ನಾನೂ ನಿಂತೆ.

“ಏನಪಾ, ಇಷ್ಟು ವರ್ಷ ಒದರಿಸಿ ಈಗ್ಯಾಕ ರಿಪೇರಿ?”

“ಪಾಟಾದ ಬುಶ್ ಸವದಾವ್ರಿ ಅಣ್ಣಾರ. ಗಾಡಿ ಸೊಟ್ಟ ಎಳ್ಯಾಕತ್ತೈತಿ.”

“ಪರದೆ ಕಟ್ಟಿ ಮಾಡೂವಂಥಾದ್ದೇನೈತಿ ಅದರಾಗ?”

“ಬಿಸಲ್ರಿ. ನೀವೂ ಬರ್ರಿ ನೆರಳಿಗೆ.”

ಅಪ್ಪ ಹೋಗಲಿಲ್ಲ. ಸ್ಪ್ರಿಂಗಿನ ಪಟ್ಟಿಗಳಿಗೆ ಕಾಕಾ ಪಾಟಾ ಎನ್ನುತ್ತಿದ್ದರು. ಅದರ ತುದಿಯ ತೂತಿನಿಂದ, ಆ ಕಿರುಗುಟ್ಟುವಿಕೆಗೆ ಕಾರಣವಾಗಿದ್ದ ಸವೆದ, ಉಂಗುರದಂಥ ಬುಶ್‌ಗಳನ್ನು ಕೊಳವೆ ಇಟ್ಟು ಬಡಿದು ಹೊರಗೆಡಹಿ, ಜಾಲಿ ಕಟ್ಟಿಗೆಯ ತುಂಡು ಆನಿಸಿ ಹೊಸವನ್ನು ಕೂಡಿಸಿದರು. ಮಧ್ಯೆ ಒಮ್ಮೆ ನಮ್ಮ ಹಿತ್ತಲಿನ ಗೋಡೆಯ ಮೇಲಿಂದ ಬಳೆಯಿಲ್ಲದ ಕೈಯೊಂದು ಅವರಿಗೆ ನೀರಿನ ತಂಬಿಗೆ ಕೊಟ್ಟಿತು... ಅಥವಾ ಇದು ನಾನು ಆಮೇಲೆ ಸೇರಿಸಿಕೊಂಡದ್ದೋ.

ಮರುದಿನ ಜೀಪು ಉರುಳಿದ್ದು ಯಾರಿಗೂ ಕೇಳಲಿಲ್ಲ. ಓಣಿಯಲ್ಲಿ ಗುಸುಗುಸು ಹಬ್ಬಿತು. ಸದ್ದು ಮುಚ್ಚುವಂಥ ಕೆಲಸ ಏನಿದೆ ಇವನಿಗೆ? ಅಪ್ಪ ಹೊರಸನ್ನು ಬೀದಿಬಾಗಿಲಿಗೆ ತಂದು, ನೆರೆಮನೆಯ ಕಡೆ ಮುಖ ಮಾಡಿ ಮಲಗತೊಡಗಿದರು. ನಾನೂ ಓದಿದವನೇ, ಆದರೂ ನನಗೆ ಅದು ಅತಿ ಎನಿಸಲಿಲ್ಲ.

ಮೂರ್ನಾಲ್ಕು ದಿನ ಕಳೆದಿರಬೇಕು. ಬೆಳಗಿನ ಜಾವದಲ್ಲಿ ಅಪ್ಪನಿಗೆ ಜೋಂಪು ಹತ್ತಿತು. ಕಣ್ಣು ಬಿಟ್ಟಾಗ ಜೀಪೂ ಇರಲಿಲ್ಲ, ಮನೆಯಲ್ಲಿ ಚಿಗವ್ವನೂ ಇರಲಿಲ್ಲ.

ಸಂಜೆ ಕಾಕಾ ಬಂದೊಡನೆ ಅಪ್ಪ ಎದುರು ಹೋಗಿ ನಿಂತರು. “ಎಲ್ಲಿ ಬಿಟ್ಟು ಬಂದೀ ಆಕಿನ್ನ?”

ಕಾಕಾ ಬಗ್ಗಿ ಗಾಲಿಗೆ ಕಲ್ಲು ಕೊಟ್ಟರು. “ಆಕಿ ಓದಾಕ ಹೋಗ್ಯಾಳಂದ್ರ ಚಲೋನ ಆತಲ್ರಿ ಅಣ್ಣಾರ” ಎಂದಷ್ಟೇ ಹೇಳಿ ಒಳಗೆ ಹೋದರು.

ಚಿಗವ್ವನನ್ನು ಕರೆತರಲು ಅಪ್ಪ ವಿಜಾಪುರಕ್ಕೆ ಹೋಗಿ ಬರಿಗೈಲಿ ಬಂದರು. ಅವಳು ಬರುವುದಿಲ್ಲ ಎಂದಿದ್ದಳು. ಓಣಿಯ ಸಿಟ್ಟೆಲ್ಲ ಕಾಕಾನ ಮೇಲೆ ತಿರುಗಿತು. ಅವರ ಜೀಪನ್ನು ಯಾರೂ ಹತ್ತದಾದರು. ಮಳೆಗಾಲದ ಹೊತ್ತಿಗೆ ಅವರು ಮನೆ ಖಾಲಿ ಮಾಡಿ ಮುದ್ದೇಬಿಹಾಳದ ಕಡೆ ಹೋದರು. ಅಲ್ಲೇ ತೀರಿಕೊಂಡರಂತೆ.

ಚಿಗವ್ವ ಬಸವನ ಬಾಗೇವಾಡಿಯಲ್ಲಿ ನೌಕರಿ ಮುಗಿಸಿ ಮನೆಯಲ್ಲಿದ್ದಾಗ ಒಮ್ಮೆ ಕೇಳಿದೆ, ಕಾಕಾ ಆ ಬುಶ್ ಬದಲಿಸಿದ್ದು ನಿನಗಾಗಿಯೇ ಏನು ಅಂತ.

“ಎಲ್ಲಿ ಜೀಪಪಾ? ನಾ ಹಿತ್ತಲ ಬಾಗಲದಿಂದ ನಡಕೋತ ಹೋಗಿ ಬಸ್ ಹತ್ತಿದ್ನಿ. ನಿಮ್ಮಪ್ಪ ಮುಂದ ಜೀಪ್ ಕಾಯಾಕತ್ತಿದ್ರು.”

“ಮತ್ತ ಕಾಕಾ ನಾ ಒಯ್ದಿಲ್ಲ ಅನಲಿಲ್ಲಲ್ಲ?”

“ಎಲ್ಲಿ ಬಿಟ್ಟು ಬಂದೀ ಅಂತ ಕೇಳಿದ್ರಿ. ಒಯ್ದೀಯೇನು ಅಂತ ಯಾರರ ಕೇಳಿದ್ರ್ಯಾ?”

ಈಗ ಅವಳೂ ಇಲ್ಲ. ಕಾಕಾಗೆ ಎಷ್ಟು ಗೊತ್ತಿತ್ತು ಎಂದು ಹೇಳುವವರು ಯಾರೂ ಉಳಿದಿಲ್ಲ. ಆದರೆ ಕಣ್ಣು ಮುಚ್ಚಿದರೆ ಇಂದಿಗೂ ಆ ನಸುಕು ಕಾಣುತ್ತದೆ. ಸದ್ದಿಲ್ಲದೆ ಇಳಿಜಾರಿಗಿಳಿಯುವ ಜೀಪು, ಹಿಂದಿನ ಸೀಟಿನಲ್ಲಿ ಹಾರುವ ಬಿಳಿ ಸೆರಗು... ಅಷ್ಟು ಸ್ಪಷ್ಟವಾಗಿ ಕಾಣುತ್ತದೆ. ಆ ಹೊತ್ತಿಗೆ ನಾನು ಮಾಳಿಗೆಯ ಮೇಲೆ ಮುಸುಕು ಹೊದ್ದು ಮಲಗಿದ್ದೆ.