ನನ್ನ ಒಂದೇ ಒಂದು ಸ್ವರ

ನನಗೆ ಹಾಡಲು ಬರುವುದಿಲ್ಲ. ಇದನ್ನು ವಿನಯದಿಂದ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ವಿನಯಕ್ಕೂ ನನಗೂ ಅಷ್ಟಕ್ಕಷ್ಟೇ. ನಾನು ಜೋಗುಳ ಶುರು ಮಾಡಿದರೆ ತೊಟ್ಟಿಲಲ್ಲಿ ಮಲಗಿದ್ದ ಮಗಳು ಎದ್ದು ಅಳುತ್ತಿದ್ದಳು. ಆದರೂ ನರೋಣಾದ ನಮ್ಮ ಓಣಿಯ ಹೆಂಗಸರ ಹಾಡಿನ ಗುಂಪಿನಲ್ಲಿ ನನಗೊಂದು ಕಾಯಂ ಜಾಗವಿದೆ. ಸಾಲಿ ಟೀಚರಮ್ಮನನ್ನು ಬಿಟ್ಟು ಹಾಡುವುದು ಹೇಗೆಂಬ ಸಂಕೋಚ ಅವರದು, ಬಿಟ್ಟರೂ ಬಿಡೆನೆಂಬ ಹಟ ನನ್ನದು.

ಬಸುರಿಯ ಸೀಮಂತದ ಕುಬಸವಿರಲಿ, ಕೂಸಿನ ತೊಟ್ಟಿಲಿರಲಿ, ನಮ್ಮಲ್ಲಿ ಹೆಂಗಸರು ಎರಡು ಪಾಲಾಗಿ ಕೂತು ಹಾಡುತ್ತಾರೆ. ಈ ಕಡೆಯವರು ಒಂದು ನುಡಿ ಹಾಡಿದರೆ ಆ ಕಡೆಯವರು ಅದನ್ನೇ ತಿರುಗಿ ಹಾಡಬೇಕು. ನಡುವೆ ದನಿ ಮುರಿಯಬಾರದು. ಮುರಿದರೆ ಶುಭಕಾರ್ಯಕ್ಕೆ ಒಳ್ಳೆಯದಲ್ಲ ಎಂದು ನಮ್ಮ ಓಣಿಯವರ ನಂಬಿಕೆ. ಅದಕ್ಕೇ ಗುಂಪಿನ ಹಿರಿಯಳು ಶರಣಮ್ಮ ಕಾಕು ನನಗೊಂದು ಕೆಲಸ ಹಚ್ಚಿದ್ದಾಳೆ. "ಟೀಚರಮ್ಮ, ನೀ ನುಡಿ ಹಾಡಬ್ಯಾಡ. ಕಡೀ ಅಕ್ಷರ ಹಿಡಕೊಂಡು ಎಳಿ. ಆ ಕಡಿಯವ್ರು ಎತ್ತಿಕೊಳ್ಳೋತನಾ ಬಿಡಬ್ಯಾಡ." ಹಾಗೆ ಒಂದೇ ಸ್ವರ ಎಳೆಯುವುದು ಮಾತ್ರ ನನಗೆ ಬರುತ್ತದೆ. ಮಕ್ಕಳಿಗೆ ಮಗ್ಗಿ ಹೇಳಿಸಿ ಹೇಳಿಸಿ ಬಲಿತ ಉಸಿರು ನೋಡಿ.

ಇಂಥವಳ ಮಗಳು ಭಾಗ್ಯಾ ಕಡಗಂಚಿಯ ಕ್ಯಾಂಪಸ್ಸಿನಲ್ಲಿ ಸಂಗೀತದ ಎಂ.ಎ. ಓದುತ್ತಾಳೆ. ಅದೂ ಸಾವಿರ ವರ್ಷದ ಹಿಂದೆ ಯುರೋಪಿನ ಚರ್ಚುಗಳಲ್ಲಿ ಏನು ಹಾಡುತ್ತಿದ್ದರು ಎಂಬುದರ ಬೆನ್ನು ಹತ್ತಿದ್ದಾಳೆ. ಸುದ್ದಿ ಕೇಳಿ ಜೇವರ್ಗಿಯ ನನ್ನ ನಾದಿನಿ, "ವೈನಿ, ಅದನ್ನ ಕಲ್ತು ಯಾರ ಕುಬಸದಾಗ ಹಾಡ್ತಾಳ್ರಿ ನಿಮ್ಮ ಮಗಳು?" ಎಂದಳು. ನನ್ನ ಮೈಯೆಲ್ಲ ಉರಿಯಿತು.

ಉರಿದದ್ದಕ್ಕೇ ನಾನೂ ಕಲಿಯತೊಡಗಿದೆ. ನಾನು ರೊಟ್ಟಿ ಬಡಿಯುವಾಗ ಭಾಗ್ಯಾ ಪಕ್ಕದಲ್ಲಿ ಕೂತು ಪಾಠ ಹೇಳುತ್ತಿದ್ದಳು. ಸ್ವರದ ಏರು ತಗ್ಗಿಗೆ ಪಿಚ್ ಎನ್ನುತ್ತಾರೆ. ದೇವರು ನನಗೆ ಕೊಡದೆ ಉಳಿಸಿಕೊಂಡದ್ದು ಅದನ್ನೇ. ಎಲ್ಲರೂ ಒಂದೇ ಧಾಟಿಯನ್ನು ಕೂಡಿ ಹಾಡಿದರೆ ಮಾನೊಫನಿ. ಏಕಕಾಲಕ್ಕೆ ಒಂದೊಂದು ದನಿ ಒಂದೊಂದು ದಾರಿ ಹಿಡಿದರೆ ಪಾಲಿಫನಿ. ನಮ್ಮ ಸ್ಟಾಫ್ ರೂಮಿನಲ್ಲಿ ದಿನಾ ನಡೆಯುವುದು ಎರಡನೆಯದೇ ಎಂದೆ, ಅವಳು ನಗಲಿಲ್ಲ. ಅಲ್ಲಿನ ಸನ್ಯಾಸಿಗಳು ಬೆರಳ ಗೆಣ್ಣುಗಳ ಮೇಲೆ ಸ್ವರ ಗುರುತಿಟ್ಟು ಹಾಡು ಕಲಿಸುತ್ತಿದ್ದರಂತೆ. ನಮ್ಮವರು ಸಂತೆಯ ಲೆಕ್ಕ ಮಾಡುವುದೂ ಗೆಣ್ಣಿನ ಮೇಲೇ ಅಲ್ಲವೇ? ಅಂದಿನಿಂದ ಆ ಸನ್ಯಾಸಿಗಳು ನನಗೆ ದೂರದ ನೆಂಟರಾದರು.

ಮೊನ್ನೆ ಭಾಗ್ಯಾಳ ಸೆಮಿನಾರು. ಅದು ಗುರುಗಳ ಮನಸ್ಸಿಗೆ ಬಂದರೆ ಮಾತ್ರ ಇದೇ ವಿಷಯದಲ್ಲಿ ಮುಂದೆ ಪ್ರಾಜೆಕ್ಟ್. ಇಲ್ಲದಿದ್ದರೆ ಅವಳು ಬೇರೆ ವಿಷಯ ನೋಡಿಕೊಳ್ಳಬೇಕು. ಚರ್ಚಿನಲ್ಲಿ ಎರಡು ತಂಡಗಳು ಸರದಿಯಂತೆ ಹಾಡುತ್ತಿದ್ದ ರೀತಿಯನ್ನು ತೋರಿಸಲು ಅವಳು ನಮ್ಮ ಗುಂಪನ್ನೇ ಕರೆದಳು. ಹಾಡು ನಮ್ಮ ತೊಟ್ಟಿಲ ಪದ, ರೀತಿ ಅವರದು. "ನಾ ಮುಷ್ಟಿ ಎತ್ತಿದ ಕೂಡ್ಲೇ ಪೂರಾ ಗಪ್ ಆಗ್ಬೇಕು. ಆಮ್ಯಾಲ ಆ ಕಡಿಯವ್ರು ಹಾಡ್ಬೇಕು," ಎಂದು ಹತ್ತು ಸಲ ಹೇಳಿದ್ದಳು. ನಾವೂ ತಲೆಯಾಡಿಸಿದ್ದೆವು.

ಮುಷ್ಟಿ ಎತ್ತಿದಳು. ನಮ್ಮ ಕಡೆಯವರೆಲ್ಲ ಗಪ್ಪಾದರು. ನಾನು ಆಗಲಿಲ್ಲ. ತೊಟ್ಟಿಲ ಪದದ ನಡುವೆ ದನಿ ಮುರಿಯಲು ನನ್ನ ಗಂಟಲಿಗೆ ಧೈರ್ಯ ಸಾಲಲಿಲ್ಲ. ನನ್ನ ಎಳೆತ ಕೇಳಿದ್ದೇ ತಡ, ಎದುರು ಕೂತ ಶರಣಮ್ಮ ಕಾಕುವಿನ ಪಾಲಿನವರು ರೂಢಿಯಂತೆ ನುಡಿ ಎತ್ತಿಕೊಂಡರು. ಗಾಬರಿಯಲ್ಲಿ ನಾನು ಬಿಡುವುದನ್ನೂ ಮರೆತೆ. ಕೆಳಗೆ ನನ್ನ ಒಂದೇ ಸ್ವರ, ಮೇಲೆ ಅವರ ಪದ. ಭಾಗ್ಯಾಳ ಮುಷ್ಟಿ ಎತ್ತಿದಂತೆಯೇ ನಿಂತಿತು. ಅಯ್ಯೋ ಶಿವನೇ, ಮಗಳ ವಿಷಯಕ್ಕೆ ನಾನೇ ಮಣ್ಣು ಹಾಕಿದೆನಲ್ಲ!

ಗುರುಗಳು ಕನ್ನಡಕ ತೆಗೆದರು. "ಇದು ನಿಮ್ಮ ಪ್ರಬಂಧದಲ್ಲಿ ಇಲ್ಲವಲ್ಲ, ಭಾಗ್ಯಾ?"

ಅವಳು ಮುಷ್ಟಿ ಇಳಿಸಿದಳು. "ಇಲ್ರಿ ಸರ್. ಇದು ನಮ್ಮ ಓಣ್ಯಾಗ ಅದ." ಆಮೇಲೆ ನನ್ನ ಕಡೆ ತಿರುಗಿ, "ಅವ್ವಾ, ಮತ್ತ ಹಿಡಿ. ಈ ಸಲ ನಾ ಹೇಳೋತನಾ ಬಿಡಬ್ಯಾಡ," ಎಂದಳು.

ಹಿಡಿದೆ. ಕಾಕುವಿನ ಕಡೆಯವರು ಹಾಡಿದರು. ಬರೆದು ತಂದ ಹಾಳೆಗಳನ್ನು ಮಡಚಿಟ್ಟು ಭಾಗ್ಯಾ ವಿವರಿಸಿದಳು: ಏಕದನಿಯ ಹಾಡಿಗೆ ಎರಡನೆಯ ದನಿ ಸೇರಿದ ಮೇಲೆ, ಚರ್ಚುಗಳಲ್ಲಿಯೂ ಒಬ್ಬರು ಹೀಗೆ ಸ್ವರ ಹಿಡಿದು ನಿಲ್ಲುತ್ತಿದ್ದರು, ಇನ್ನೊಬ್ಬರು ಅದರ ಮೇಲೆ ಹಾಡು ಹೆಣೆಯುತ್ತಿದ್ದರು, ಹಿಡಿದು ನಿಂತವನಿಗೆ ಟೆನರ್ ಎನ್ನುತ್ತಿದ್ದರು. "ಅಲ್ಲಿ ದನಿ ಯಾಕೆ ಹಿಡಿದರೋ ಗೊತ್ತಿಲ್ಲ. ನಮ್ಮಲ್ಲಿ ಯಾಕೆ ಹಿಡಿಯುತ್ತಾರೆ ಎಂಬುದನ್ನು ನಾನು ಬರೆಯಬಲ್ಲೆ," ಎಂದಳು. ಗುರುಗಳು ಅಲ್ಲೇ, "ಬರೆಯಿರಿ" ಎಂದರು. ಅಷ್ಟು ಜನರ ಮುಂದೆ ನಾನು ಅತ್ತುಬಿಟ್ಟೆ. ಅಳುವಾಗಲೂ ಸ್ವರ ಬಿಟ್ಟಿರಲಿಲ್ಲ ಎಂದು ಕಾಕು ಸಿಕ್ಕಾಗಲೆಲ್ಲ ಚೇಷ್ಟೆ ಮಾಡುತ್ತಾಳೆ.

ಮನೆಗೆ ಬಂದು ಮೊದಲು ಜೇವರ್ಗಿಗೆ ಫೋನು ಹಚ್ಚಿದೆ. "ನಿನ್ನ ಮಗಳ ಕುಬಸ ಬರೋ ತಿಂಗಳ ಅಲ್ಲೇನ? ಭಾಗ್ಯಾ ಬಂದು ಹಾಡ್ತಾಳ. ದನಿ ಹಿಡಿಯಾಕ ನಾನೂ ಬರ್ತೇನಿ." "ವೈನಿ, ನೀವೂ..." ಎಂದು ಅವಳು ಅರ್ಧಕ್ಕೇ ತಡವರಿಸಿದಳು. ಕುಬಸದ ಮಾತು, ನಡುವೆ ದನಿ ಮುರಿಯಬಾರದೆಂದು ನಾನೇ ಮಾತು ಮುಂದುವರಿಸಿದೆ.