ಐದನೇ ಗಾಡಿಯ ನೀರು

ಆ ಲಾರಿಯ ಎಂಜಿನ್ ಒಡೆದದ್ದು ನನ್ನಿಂದ. ಆಂಜಿನಪ್ಪನಿಂದ ಅಲ್ಲ. ಮೂವತ್ತು ವರ್ಷ ಅವನು ಆ ತಪ್ಪು ತನ್ನದೇ ಎಂದು ನಂಬಿಕೊಂಡು ಬಂದ, ನಾನು ಅವನ ಪಕ್ಕದಲ್ಲೇ ಕೂತು ಅವನ ಮನೆಯ ಊಟ ಉಣ್ಣುತ್ತ ಬಂದೆ. ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಒಪ್ಪಿಕೊಂಡದ್ದು ಅರ್ಧವಾಗುತ್ತದೆ — ಆ ತಪ್ಪಿನಿಂದ ನನಗೆ ಸಿಕ್ಕಿದ್ದು ಬರೀ ಸಂತೋಷ. ನಿನ್ನ ಬದುಕಿನಲ್ಲಿ ಅತಿ ಸಂತೋಷದ ದಿನ ಯಾವುದು ಎಂದು ಯಾರಾದರೂ ಕೇಳಿದರೆ, ಹೆಂಡತಿ ಹತ್ತಿರದಲ್ಲಿದ್ದಾಗ ಮದುವೆಯ ದಿನ ಎನ್ನುತ್ತೇನೆ. ನಿಜವಾಗಿ ಆ ದಿನ ಬೇರೆಯದು. ಅದು ನನಗೆ ಸೇರಬೇಕಾದ ದಿನವೂ ಅಲ್ಲ.

ನಾನು ಶಿರಾ ತಾಲ್ಲೂಕು ಹುಲಿಕುಂಟೆಯ ರಂಗಸ್ವಾಮಿ. ಸೇನೆಯಲ್ಲಿ ವಾಹನ ಮೆಕ್ಯಾನಿಕ್ ಆಗಿದ್ದೆ. ಊರಿನಲ್ಲಿ ಕೆಲವರಿಗೆ ಇದು ಇವತ್ತಿಗೂ ನಿರಾಸೆಯ ಸಂಗತಿ. ಮಿಲಿಟರಿ ಅಂದರೆ ಕೋವಿ ಹಿಡಿದು ಗುಡ್ಡ ಹತ್ತುವುದು ಎಂದುಕೊಂಡವರಿಗೆ, ನಾನು ಸ್ಪ್ಯಾನರ್ ಹಿಡಿದು ಲಾರಿಯ ಕೆಳಗೆ ಅಂಗಾತ ಮಲಗಿರುತ್ತಿದ್ದೆ ಎಂದರೆ ಮುಖ ಸಪ್ಪಗಾಗುತ್ತದೆ. ಗುಡ್ಡ ಹತ್ತಿದವರಿಗೆ ಅಕ್ಕಿ ಬೇಳೆ ಯಾವುದರ ಮೇಲೆ ಹೋಗುತ್ತಿತ್ತು ಎಂದು ಅವರನ್ನು ಕೇಳಬೇಕು ಅನ್ನಿಸುತ್ತದೆ, ಕೇಳಿಲ್ಲ.

ಆಂಜಿನಪ್ಪ ಪಾವಗಡದ ಕಡೆಯವನು, ರಾಯಚರ್ಲು. ಅವನ ಕನ್ನಡ ಅರ್ಧ ದಾರಿ ಬಂದು ತೆಲುಗಿಗೆ ತಿರುಗಿಕೊಳ್ಳುತ್ತದೆ. ನಮ್ಮ ವರ್ಕ್‌ಶಾಪಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಅದೊಂದು ದೊಡ್ಡ ಸುಖ — ಸಾಹೇಬರ ಎದುರಿಗೇ ನಿಂತು, ಮುಖದ ಮೇಲೆ ಪೂರ್ತಿ ಗೌರವ ಇಟ್ಟುಕೊಂಡು, ಅವರ ಮೀಸೆಯ ಬಗ್ಗೆ ಕನ್ನಡದಲ್ಲಿ ಮಾತಾಡಬಹುದಿತ್ತು. ಒಮ್ಮೆ ಆಂಜಿನಪ್ಪ ಹಾಗೆ ಮಾತಾಡಿ ನನಗೆ ನಗು ತಡೆಯಲಾಗದೆ ಎಣ್ಣೆಯ ಡಬ್ಬಿ ಕೈಜಾರಿ, ಇಬ್ಬರೂ ಸೇರಿ ಅಂಗಳವನ್ನೆಲ್ಲ ತೊಳೆದೆವು. ತೊಳೆಯುತ್ತಲೂ ನಕ್ಕೆವು.

ನಮ್ಮನ್ನು ಹಾಕಿದ್ದು ಗಡಿಯ ಹತ್ತಿರದ ಒಂದು ಎತ್ತರದ ಜಾಗಕ್ಕೆ. ಅಲ್ಲಿಯ ಚಳಿಯನ್ನು ಹುಲಿಕುಂಟೆಯ ಬಿಸಿಲಿನಲ್ಲಿ ಕೂತು ವಿವರಿಸುವುದು ಕಷ್ಟ. ಚಳಿಗಾಲದಲ್ಲಿ ಸಂಜೆಯಾದರೆ ನಮಗೊಂದು ತಪ್ಪದ ಕೆಲಸ — ಹಳೆಯ ಲಾರಿಗಳ ಎಂಜಿನ್ ಮತ್ತು ರೇಡಿಯೇಟರಿನ ನೀರನ್ನೆಲ್ಲ ಬಸಿದುಬಿಡುವುದು. ನೀರು ಒಳಗೆ ಉಳಿದರೆ ಬೆಳಗಾಗುವುದರೊಳಗೆ ಹೆಪ್ಪುಗಟ್ಟಿ ಹಿಗ್ಗುತ್ತದೆ, ಕಬ್ಬಿಣದ ಎಂಜಿನ್ನನ್ನೇ ಸೀಳಿಹಾಕುತ್ತದೆ. ಕೆಳಗೆ ಒಂದು ಪುಟ್ಟ ನಲ್ಲಿ ಇರುತ್ತದೆ, ಅದನ್ನು ತಿರುಗಿಸಿದರೆ ನೀರು ಬರುತ್ತದೆ. ಆದರೆ ತುಕ್ಕು ಕಸ ಬಂದು ನಲ್ಲಿಯ ಬಾಯಿ ಕಟ್ಟಿಕೊಳ್ಳುವುದುಂಟು. ಹಾಗಾಗಿ ನೀರು ನಿಂತಿತು ಎಂದ ಮಾತ್ರಕ್ಕೆ ಖಾಲಿಯಾಯಿತು ಎಂದಲ್ಲ. ತೆಳು ತಂತಿ ಹಾಕಿ ಚುಚ್ಚಿ ನೋಡಬೇಕು. ತಂತಿ ಹಿಡಿಯಬೇಕಾದರೆ ಕೈಗವಸು ಬಿಚ್ಚಬೇಕು, ಬಿಚ್ಚಿದರೆ ಬೆರಳು ಮರಗಟ್ಟುತ್ತದೆ. ಆದರೂ ಚುಚ್ಚಲೇಬೇಕು. ಮೆಕ್ಯಾನಿಕ್ಕಿನ ಕೆಲಸದಲ್ಲಿ ನಮಗೆ ಮೊದಲು ಕಲಿಸಿದ್ದೇ ಅದು.

ಏಳು ಗಾಡಿಗಳಿದ್ದವು. ನಾಲ್ಕು ಅವನು, ಮೂರು ನಾನು ಬಸಿಯುತ್ತಿದ್ದೆವು. ಪುಸ್ತಕದಲ್ಲಿ ಏಳಕ್ಕೂ ಸಹಿ ಮಾತ್ರ ಯಾರಾದರೂ ಒಬ್ಬರು ಹಾಕಿಬಿಡುತ್ತಿದ್ದೆವು, ಇಬ್ಬರೂ ಯಾಕೆ ಕೈ ಹೊರಗೆ ತೆಗೆಯಬೇಕು ಎಂದು. ನಿಯಮದ ಪ್ರಕಾರ ತಪ್ಪು. ಆದರೆ ಅವನ ಮೇಲೆ ನನಗೆ, ನನ್ನ ಮೇಲೆ ಅವನಿಗೆ ಅಷ್ಟು ನಂಬಿಕೆ.

ಆ ಸಂಜೆ ಐದನೇ ಗಾಡಿಯ ಕೆಳಗೆ ನಾನಿದ್ದೆ. ನೀರು ಬಂತು, ಸಣ್ಣಗಾಯಿತು, ನಿಂತಿತು. ತಂತಿ ಜೇಬಿನಲ್ಲಿತ್ತು. ಅಷ್ಟರಲ್ಲಿ ಟಪಾಲು ಬಂತು ಎಂದು ಯಾರೋ ಕೂಗಿದರು, ನನ್ನ ಹೆಸರಿಗೆ ಪಾರ್ಸೆಲ್ ಇದೆ ಎಂದರು. ಅವ್ವ ಕಳಿಸಿದ ಚಟ್ನಿಪುಡಿ! ನಾನು ಎದ್ದು ಓಡಿದೆ. ಆರು ಏಳನ್ನು ಆಮೇಲೆ ಬಂದು ಬಸಿದೆ, ಚುಚ್ಚಿಯೂ ನೋಡಿದೆ. ಐದನೆಯದು — ಅದು ಮುಗಿದಿದೆ ಎಂದೇ ತಲೆಯಲ್ಲಿ ಕೂತಿತ್ತು. ಆ ದಿನದ ಸಹಿ ಆಂಜಿನಪ್ಪ ಹಾಕಿದ. ಊಟಕ್ಕೆ ಒಣರೊಟ್ಟಿಯ ಜೊತೆ ಇಬ್ಬರೂ ಚಟ್ನಿಪುಡಿ ತಿಂದು, ಖಾರಕ್ಕೆ ಕಣ್ಣೀರು ಬಂದು, ಊರು ನೆನೆಸಿಕೊಂಡು ಆನಂದಪಟ್ಟೆವು.

ಬೆಳಿಗ್ಗೆ ಐದನೇ ಗಾಡಿಯ ಎಂಜಿನ್ನಿನ ಪಕ್ಕೆಯಲ್ಲಿ ಗೇಣುದ್ದ ಸೀಳು.

ಸುಬೇದಾರ್ ಸಾಹೇಬರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪುಸ್ತಕ ತೆರೆದರು. ಯಾರು ಬಸಿದದ್ದು ಎಂದು ಕೇಳುವ ಮೊದಲೇ ಆಂಜಿನಪ್ಪ ಮುಂದೆ ಹೋಗಿ ನಿಂತ. ಸಹಿ ಅವನದು. ಅದಕ್ಕಿಂತ ಹೆಚ್ಚಾಗಿ, ಆ ಗಾಡಿ ತನ್ನ ಪಾಲಿನದೇ ಇರಬೇಕು ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತ್ತು. ಮಬ್ಬು ಬೆಳಕು, ನಂಬರಿನ ಮೇಲೆಲ್ಲ ಹಿಮ, ಎಣಿಕೆ ತಪ್ಪುವುದು ಸಹಜ. ಸಾಲಿನಿಂದ ಚದುರಿದ ಮೇಲೆ ಅವನು ನನ್ನ ಹತ್ತಿರ ಬಂದು ಹೇಳಿದ, "ಕೈ ಮರಗಟ್ಟಿತ್ತು ಕಣ್ಲಾ ರಂಗ. ತಂತಿ ಹಾಕಿದ್ನೋ ಇಲ್ವೋ, ನೆಪ್ಪೇ ಆಗ್ತಿಲ್ಲ."

ಅದೇ ಹೊತ್ತು. ಒಂದು ಮಾತು ಸಾಕಿತ್ತು. ನನ್ನ ಬಾಯಿಂದ ಬಂದದ್ದು — "ಹೋಗ್ಲಿ ಬುಡು."

ಅವನ ರಜೆ ನಿಂತುಹೋಯಿತು. ಇನ್ನು ಮೂರು ದಿನಕ್ಕೆ ಹೊರಡಬೇಕಾಗಿದ್ದವನು ಅವನು. ಪೆಟ್ಟಿಗೆ ಕಟ್ಟಿಟ್ಟಿದ್ದ. ಅವನ ಹೆಂಡತಿ ಗಂಗಮ್ಮನಿಗೆ ಹೆಣ್ಣುಮಗು ಹುಟ್ಟಿ ಹನ್ನೊಂದು ತಿಂಗಳಾಗಿತ್ತು, ಅವನು ಆ ಮಗುವನ್ನು ಫೋಟೋದಲ್ಲಿ ಬಿಟ್ಟರೆ ನೋಡಿರಲಿಲ್ಲ. ಚಳಿಗಾಲ ಮುಗಿಯುವವರೆಗೆ ನಿನಗೆ ರಜೆ ಇಲ್ಲ ಎಂದರು. ಒಂದು ಸಲಕ್ಕೆ ಒಬ್ಬ ಮೆಕ್ಯಾನಿಕ್ಕಿಗೆ ಮಾತ್ರ ರಜೆ, ಆದ್ದರಿಂದ ಅವನ ಜಾಗಕ್ಕೆ ನನ್ನ ಹೆಸರು ಬಂತು. ಹೆದರಿ ಬಾಯಿ ಮುಚ್ಚಿಕೊಂಡೆ ಎಂದು ಹೇಳಿದರೆ ನೀವು ನಂಬಬಹುದು. ಹೆದರಿಕೆ ಮೊದಲ ದಿನದ್ದು. ಎರಡನೇ ದಿನ ನನ್ನ ಹೆಸರು ಕೂಗಿದಾಗ ನನಗಾದದ್ದು ಖುಷಿ — ಹೊಟ್ಟೆಯೊಳಗಿಂದ ಎದ್ದು ಬಂದ ಖುಷಿ. ಅದನ್ನು ಮುಖದ ಮೇಲೆ ಬರದ ಹಾಗೆ ನೋಡಿಕೊಂಡೆ.

ಆಂಜಿನಪ್ಪ ನನ್ನನ್ನು ನಗುನಗುತ್ತಲೇ ಕಳಿಸಿದ. ತನ್ನ ಮನೆಗೂ ಹೋಗಿ ಬಾ ಎಂದು ಮಗುವಿಗೆ ಒಂದು ಆಟಿಕೆ ಕೊಟ್ಟ. ಸವೆದು ಬಿಸಾಕಿದ್ದ ಬೇರಿಂಗು, ಅದನ್ನು ಡೀಸೆಲಿನಲ್ಲಿ ತೊಳೆದು, ಬಟ್ಟೆಯಲ್ಲಿ ತಿಂಗಳುಗಟ್ಟಲೆ ಉಜ್ಜಿ ಬೆಳ್ಳಿಯ ಬಳೆಯ ಹಾಗೆ ಮಾಡಿದ್ದ. ಬೆರಳಿಗೆ ಸಿಕ್ಕಿಸಿ ತಟ್ಟಿದರೆ ಝುಂಯ್ ಎಂದು ತಿರುಗುತ್ತಿತ್ತು.

ತುಮಕೂರಿನಿಂದ ಬಸ್ಸು ಹಿಡಿದು, ಶಿರಾ ದಾಟಿ, ನಮ್ಮ ಕಡೆಯ ಬಯಲು ಕಂಡಾಗ ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಮುದುಕಿ ಇವನಿಗೇನೋ ಆಗಿದೆ ಎಂದು ಸ್ವಲ್ಪ ಸರಿದು ಕೂತಳು. ಹುಲಿಕುಂಟೆಯಲ್ಲಿ ಎರಡು ದಿನ ಇದ್ದು ಮೂರನೆಯ ದಿನ ರಾಯಚರ್ಲುವಿಗೆ ಹೋದೆ.

ಮಗಳಿಗೆ ಭಾಗ್ಯ ಎಂದು ಹೆಸರಿಟ್ಟಿದ್ದರು. ನನ್ನ ಸಮವಸ್ತ್ರ, ಮೀಸೆ ಯಾವುದೂ ಅವಳಿಗೆ ಹಿಡಿಸಲಿಲ್ಲ. ಅಜ್ಜಿಯ ಸೀರೆ ಹಿಡಿದುಕೊಂಡು ನಿಂತು ನನ್ನನ್ನು ವಿಚಾರಣೆಗೆ ನಿಲ್ಲಿಸಿದವಳ ಹಾಗೆ ನೋಡಿದಳು. ನಾನು ಪಡಸಾಲೆಯಲ್ಲಿ ಕೂತು ಬೇರಿಂಗು ತೆಗೆದು ತಟ್ಟಿದೆ. ಝುಂಯ್. ಅವಳು ಸೀರೆ ಬಿಟ್ಟಳು. ಇನ್ನೊಮ್ಮೆ ತಟ್ಟಿದೆ. ಒಂದು ಹೆಜ್ಜೆ. ಎರಡು. ಗಂಗಮ್ಮ ಅಡುಗೆಮನೆಯಿಂದ ಬಂದವಳು ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತುಬಿಟ್ಟಳು. ಮೂರು, ನಾಲ್ಕು, ಐದು — ಐದನೆಯದಕ್ಕೆ ನನ್ನ ಮೊಣಕಾಲಿನ ಮೇಲೆ ಬಿದ್ದು, ಬೇರಿಂಗು ಕಿತ್ತುಕೊಂಡು, ಬಾಯಲ್ಲಿ ಒಂದೂವರೆ ಹಲ್ಲು ತೋರಿಸಿ ನಕ್ಕಳು. ಅವಳ ಬದುಕಿನ ಮೊದಲ ಹೆಜ್ಜೆಗಳು. ಅಂಥ ಸಂತೋಷ ನನಗೆ ಅದಕ್ಕೂ ಮುಂಚೆ ಆಗಿರಲಿಲ್ಲ, ಆಮೇಲೆ ನನ್ನ ಮಕ್ಕಳು ನಡೆದಾಗಲೂ ಆಗಲಿಲ್ಲ. ಅವರು ನಡೆದಾಗ ನಾನೂ ಊರಿನಲ್ಲಿರಲಿಲ್ಲ.

ಆ ಕಡೆ ಒಂದು ಪದ್ಧತಿ ಇದೆ. ಮಗು ಹೆಜ್ಜೆ ಇಟ್ಟರೆ ಕಜ್ಜಾಯ ಮಾಡುತ್ತಾರೆ, ಅವರು ಅರಿಸೆಲು ಎನ್ನುತ್ತಾರೆ. ಅದನ್ನು ಸಾಲಾಗಿ ಇಟ್ಟು ಅದರ ಮೇಲೆ ಮಗುವನ್ನು ನಡೆಸಿ, ಆಮೇಲೆ ಕೇರಿಗೆಲ್ಲ ಹಂಚುತ್ತಾರೆ. ನನ್ನನ್ನು ಕಳಿಸಲೇ ಇಲ್ಲ. ಮಾರನೆಯ ದಿನ ಭಾಗ್ಯಳ ಕೈ ಹಿಡಿದು ಕಜ್ಜಾಯದ ಮೇಲೆ ನಡೆಸಿದವನು ನಾನು. ಅಪ್ಪ ನಿಲ್ಲಬೇಕಾದ ಜಾಗ ಅದು. ನೀನು ಬೇರೆಯೇನಪ್ಪ ಎಂದು ಅಜ್ಜಿ ನನ್ನ ತಲೆ ಸವರಿ, ಮಗು ತುಳಿದ ಮೊದಲ ಕಜ್ಜಾಯ ನನ್ನ ಕೈಗೇ ಕೊಟ್ಟಳು. ತಿಂದೆ. ಬಹಳ ರುಚಿಯಾಗಿತ್ತು.

ಆಂಜಿನಪ್ಪನಿಗೂ ಒಂದು ಗಂಟು ಕಟ್ಟಿ ಕೊಟ್ಟಿದ್ದರು. ಚಳಿಗೆ ಅವು ಹಂಚಿನ ಹಾಗೆ ಗಟ್ಟಿಯಾಗಿದ್ದವು. ಅವನು ಸುತ್ತಿಗೆಯಲ್ಲಿ ಒಡೆದು ಇಡೀ ವರ್ಕ್‌ಶಾಪಿಗೆ ಹಂಚಿದ, ಸುಬೇದಾರ್ ಸಾಹೇಬರಿಗೂ ಕೊಟ್ಟ. ನನ್ನ ಮಗಳು ನಡೆದಳು ಎಂದು ಎಲ್ಲರಿಗೂ ಹೇಳಿದ. ಆಮೇಲೆ ನನ್ನನ್ನು ಕೂರಿಸಿಕೊಂಡು, ಹೆಂಗ್ ನಡದ್ಲು ಹೇಳು ಎಂದ. ಹೇಳಿದೆ. ಮಾರನೆಯ ದಿನವೂ ಕೇಳಿದ, ಮತ್ತೆ ಹೇಳಿದೆ. ನಿವೃತ್ತಿಯಾಗಿ ಊರಿಗೆ ಬಂದ ಮೇಲೂ ನಿಲ್ಲಲಿಲ್ಲ — ಭಾಗ್ಯಳ ಹುಟ್ಟುಹಬ್ಬಕ್ಕೆ, ಮದುವೆಗೆ, ಬೀಗರು ಬಂದಾಗ, ಪ್ರತಿಸಲ ನಾನು ಆ ಕತೆ ಹೇಳಬೇಕು. ನಾನೂ ಕೈಯಾಡಿಸಿ, ಝುಂಯ್ ಎಂದು ಸದ್ದು ಮಾಡಿ, ಚೆನ್ನಾಗಿಯೇ ಹೇಳುತ್ತಿದ್ದೆ. ಭಾಗ್ಯ ನನ್ನನ್ನು ಚಿನ್ನಾಯನ ಎನ್ನುತ್ತಾಳೆ, ಅವರ ಕಡೆ ಚಿಕ್ಕಪ್ಪನನ್ನು ಕರೆಯುವುದು ಹಾಗೆ. ಈಗ ಅವಳು ಪಾವಗಡದ ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡುತ್ತಾಳೆ. ಕತೆ ಮುಗಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆಯುವವಳು ಅವಳೇ.

ಈ ಸಲ ಯುಗಾದಿಯ ಮಾರನೆಯ ದಿನ ಅವರ ಮನೆಗೆ ಹೋದಾಗ ಆಂಜಿನಪ್ಪ ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದ. ಅವರ ಬೋರ್‌ವೆಲ್ ನೀರಿನಲ್ಲಿ ಉಪ್ಪು ಹೆಚ್ಚು, ಆಗಾಗ ರೇಡಿಯೇಟರ್ ಬಸಿದು ಬೇರೆ ನೀರು ಹಾಕುತ್ತಾನೆ. ನೆತ್ತಿ ಸುಡುವ ಬಿಸಿಲು. ನೀರು ಬಂದು ನಿಂತ ಮೇಲೂ ಅವನು ಮಂಡಿನೋವಿನಲ್ಲಿ ಮುಲುಕುತ್ತ ತಂತಿ ಹಾಕಿ ಚುಚ್ಚುತ್ತಲೇ ಇದ್ದ. ಪಾವಗಡದಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ ಮಾರಾಯ ಎಂದು ನಾನು ಪ್ರತಿಸಲ ತಮಾಷೆ ಮಾಡುತ್ತಿದ್ದೆ. ಆ ದಿನವೂ ಮಾಡಿದೆ. ಅವನು ಕೆಳಗಿನಿಂದಲೇ, ಒಂದ್ಸಲ ತಪ್ಪಿದ ಕೈ ಇದು, ನಂಬಾಕಾಗಲ್ಲ ಎಂದ. ನಗುತ್ತಲೇ ಅಂದದ್ದು. ಆದರೆ ನನಗೆ ಇನ್ನು —

"ಆಂಜಿನಪ್ಪ, ಆ ಐದನೇ ಗಾಡಿ ನಿಂದಲ್ಲ ಕಣ್ಲಾ. ನಂದು. ತಂತಿ ಹಾಕ್ದೇ ಎದ್ದೋದೋನು ನಾನು."

ಅವನು ಹೊರಗೆ ಬಂದು ಕೂತ. ಚಟ್ನಿಪುಡಿಯ ಸಂಗತಿಯೂ ಸೇರಿ ಎಲ್ಲ ಹೇಳಿದೆ. ಅವನಿಗೆ ಮೊದಲು ನಗು ಬಂತು. ಜೋರು ನಗು, ಕೆಮ್ಮು ಬರುವಷ್ಟು. ನಿಮ್ಮವ್ವನ ಚಟ್ನಿಪುಡಿಗೆ ಮೂವತ್ತು ವರ್ಷ ತಂತಿ ಚುಚ್ಚಿದ್ನೇನ್ಲಾ ಎಂದು ತೊಡೆ ತಟ್ಟಿಕೊಂಡ. ನನಗೂ ನಗು ಬಂತು, ಇಷ್ಟೇನಾ, ಮುಗಿಯಿತು ಎಂದುಕೊಂಡೆ. ಆಮೇಲೆ ಅವನ ನಗು ನಿಧಾನವಾಗಿ ನಿಂತಿತು. ಕೈಯಲ್ಲಿದ್ದ ತಂತಿಯನ್ನು ನೋಡುತ್ತ ಕೇಳಿದ, "ಅಂಗಾರೆ ಆ ರಜ ನಂದು?"

"ಹೂಂ" ಎಂದೆ. ಅವನು ಎದ್ದು ಕೈ ತೊಳೆಯಲು ಹೋದ.

ಊಟದ ಹೊತ್ತಿಗೆ ಭಾಗ್ಯಳ ಜೊತೆ ಕೆಲಸ ಮಾಡುವ ಇಬ್ಬರು ಹೆಣ್ಣುಮಕ್ಕಳು ಬಂದಿದ್ದರು. ಹೋಳಿಗೆ ಬಡಿಸುತ್ತ ಅವಳು, ಚಿನ್ನಾಯನ, ನಾ ನಡೆದ ಕತೆ ಇವರಿಗೂ ಹೇಳು ಎಂದಳು. ನಾನು ಆಂಜಿನಪ್ಪನ ಮುಖ ನೋಡಿದೆ. ಅವನು ಎಲೆಯಿಂದ ತಲೆ ಎತ್ತದೆ ಹೇಳಿದ, "ಹೇಳು. ಈ ಸಲ ಎಂಜಿನ್ನಿಂದ ಶುರು ಮಾಡು."

ಹಾಗೇ ಮಾಡಿದೆ. ಒಂದನ್ನೂ ಬಿಡಲಿಲ್ಲ, ಹೆಸರು ಕೂಗಿದಾಗ ಆದ ಖುಷಿಯನ್ನೂ. ಹೆಜ್ಜೆಗಳ ಭಾಗ ಬಂದಾಗ ಝುಂಯ್ ಎನ್ನಲು ನನಗೆ ಬಾಯಿ ಬರಲಿಲ್ಲ. ಭಾಗ್ಯ ಚಪ್ಪಾಳೆ ಹೊಡೆಯಲಿಲ್ಲ. ಹೋಳಿಗೆಯ ತಟ್ಟೆ ಕೆಳಗಿಟ್ಟು ಅಪ್ಪನ ಕಡೆ ತಿರುಗಿ, ಹಂಗಾದ್ರೆ ನೀ ನನ್ನ ಮೊದಲು ನೋಡಿದ್ದು ಯಾವಾಗಪ್ಪ ಎಂದು ಕೇಳಿದಳು.

"ನಾ ಬರೋ ಹೊತ್ಗೆ ನೀ ಓಡ್ತಿದ್ದೆ ಕಣಮ್ಮ. ನನ್ನ ನೋಡಿ ಒಳಕ್ಕೆ ಓಡೋದೆ. ಮೂರು ದಿನ ನನ್ನ ಹತ್ರ ಬರ್ಲಿಲ್ಲ."

ಮೂವತ್ತು ವರ್ಷದಲ್ಲಿ ನಾನು ಇದನ್ನು ಕೇಳಿದ್ದು ಅದೇ ಮೊದಲು. ಅವನಾಗಿ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಎಲ್ಲರೂ ನನ್ನ ಕತೆ ಕೇಳುವುದರಲ್ಲಿದ್ದರು, ಹೇಳಿಸುತ್ತಿದ್ದವನೂ ಅವನೇ. ಭಾಗ್ಯ ಆಮೇಲೇನಾಯಿತು ಎಂದು ಪಟ್ಟು ಹಿಡಿದಳು, ಅವನು ಒಂದೊಂದಾಗಿ ಹೇಳಿದ — ಅವಳು ಬಾಗಿಲ ಸಂದಿಯಿಂದ ಇಣುಕುತ್ತಿದ್ದದ್ದು, ಇವನು ಕಂಬಕ್ಕೆ ಒರಗಿ ನಿದ್ದೆ ಬಂದವನ ಹಾಗೆ ನಟಿಸಿದ್ದು, ನಾಲ್ಕನೆಯ ದಿನ ಅವಳೇ ಬಂದು ಇವನ ಮೀಸೆ ಜಗ್ಗಿದ್ದು. ಹೇಳುತ್ತ ಹೇಳುತ್ತ ಅವನ ಮುಖ ಅರಳಿತು, ಎಲ್ಲರೂ ನಕ್ಕರು.

ಈಗ ಆ ಮನೆಯಲ್ಲಿ ಕತೆ ಹೇಳುವವನು ಅವನೇ. ನಾನು ಎದುರಿಗೆ ಕೂತು ಕೇಳುತ್ತೇನೆ, ಎಲ್ಲರ ಜೊತೆ ನಗುತ್ತೇನೆ. ಆದರೆ ಮಗಳು ಅವನ ಹತ್ತಿರ ಬರದ ಆ ಮೂರು ದಿನಗಳನ್ನು ಅವನಿಗೆ ಕೊಟ್ಟವನು ನಾನು.